ಕೆಳಮನೆಗೆ ಕೇಳಿಸದ ಗಿಟಾರ್: ಟಿಳಕವಾಡಿಯಲ್ಲಿ ಐದು ಪ್ರಯೋಗ

ಬೆಳಗಾವಿಯ ಟಿಳಕವಾಡಿಯಲ್ಲಿ ನಾನಿರುವುದು ಮೊದಲ ಮಹಡಿಯ ಬಾಡಿಗೆ ಮನೆ. ಕೆಳಗೆ ಮನೆಯ ಮಾಲೀಕರು ಇದ್ದಾರೆ. ನಾನು ಅವರನ್ನು ಕಾಕಾ ಎಂದು ಕರೆಯುತ್ತೇನೆ. ನಿವೃತ್ತ ಶಿಕ್ಷಕರು, ಮೂಲತಃ ಸುಳೇಭಾವಿಯವರು. 1924ರಲ್ಲಿ ಕುಮಾರ ಗಂಧರ್ವರು ಹುಟ್ಟಿದ ಊರಿನವನು ತಾನು ಎಂಬ ಅಭಿಮಾನ ಅವರ ಮಾತಿನಲ್ಲಿ ವಾರಕ್ಕೊಮ್ಮೆಯಾದರೂ ಬರುತ್ತದೆ. ಬೆಳಗಿನ ಐದೂವರೆಗೆ ತಂಬೂರಿ ಹಿಡಿದು ಕುಳಿತರೆ ಒಂದು ಗಂಟೆ ಏಳುವುದಿಲ್ಲ. ನಾನು ಕಚೇರಿಯಿಂದ ಬಂದು, ಊಟ ಮುಗಿಸಿ ಎಲೆಕ್ಟ್ರಿಕ್ ಗಿಟಾರ್ ಎತ್ತಿಕೊಳ್ಳುವಾಗ ರಾತ್ರಿ ಒಂಬತ್ತೂವರೆ. ಅವರು ಮಲಗುವ ಹೊತ್ತೂ ಅದೇ.

ಕಳೆದ ಮಳೆಗಾಲಕ್ಕೆ ಮುಂಚೆ ಒಂದು ರಾತ್ರಿ ಅವರು ಮೆಟ್ಟಿಲು ಹತ್ತಿ ಬಂದರು. ಸಿಟ್ಟಿರಲಿಲ್ಲ. "ತಮ್ಮಾ, ನೀನು ಬಾರಿಸುವುದು ನನಗೆ ಕೇಳಿಸುವುದೇ ಇಲ್ಲ. ಆದರೆ ಮಂಚ ಗುಂಯ್ ಎನ್ನುತ್ತದೆ" ಎಂದರು. ಆಗ ನನ್ನ ಬಳಿ ಇದ್ದದ್ದು ಒಂದು ವ್ಯಾಟ್‌ನ ಪುಟ್ಟ ಟ್ಯೂಬ್ ಆಂಪ್, ಅಂದರೆ ಹಳೆಯ ರೇಡಿಯೊದಂತೆ ಗಾಜಿನ ಟ್ಯೂಬ್‌ಗಳಿಂದ ಗಿಟಾರಿನ ಸದ್ದನ್ನು ಹಿಗ್ಗಿಸುವ ಪೆಟ್ಟಿಗೆ. ಒಂದೇ ವ್ಯಾಟ್ ಎಂಬ ಧೈರ್ಯದಿಂದ ಅದನ್ನು ನೆಲದ ಮೇಲೆ ಇಟ್ಟು, ವಾಲ್ಯೂಮ್ ಅರ್ಧಕ್ಕೆ ತಿರುಗಿಸಿ ನುಡಿಸುತ್ತಿದ್ದೆ. ಆ ರಾತ್ರಿಯಿಂದ ಎಂಟು ತಿಂಗಳು ಐದು ದಾರಿಗಳನ್ನು ಒಂದೊಂದಾಗಿ ಪರೀಕ್ಷಿಸಿದೆ. ಗಿಟಾರ್ ಒಂದೇ: ಸ್ಟ್ರಾಟೋಕಾಸ್ಟರ್ ಮಾದರಿಯದು, ತಂತಿಯ ಕಂಪನ ಹಿಡಿಯುವ ಪಿಕಪ್‌ಗಳಲ್ಲಿ ಬ್ರಿಜ್ ಕಡೆಯದು ಜೋಡಿ ಸುರುಳಿಯ ಹಂಬಕರ್, ಉಳಿದೆರಡು ಒಂಟಿ ಸುರುಳಿಯ ಸಿಂಗಲ್ ಕಾಯಿಲ್. ಕೇಬಲ್ ಒಂದೇ. ನುಡಿಸಿದ್ದೂ ಅದೇ ಮೂರು ತುಣುಕು: ದಪ್ಪ ಇ ತಂತಿಯ ಮೇಲಿನ ಪವರ್ ಕಾರ್ಡ್ (ಎರಡು ಸ್ವರ ಒಟ್ಟಿಗೆ ಮೀಟುವ ಗಟ್ಟಿ ಸದ್ದು), ಶುದ್ಧ ಟೋನ್‌ನಲ್ಲಿ ಬಿಡಿಸಿ ನುಡಿಸುವ ಒಂದು ಆರ್ಪೆಜಿಯೊ, ಜಿ ತಂತಿಯನ್ನು ಎಳೆದು ಉದ್ದಕ್ಕೆ ಹಿಡಿಯುವ ಒಂದು ಸ್ವರ. ಕೆಳಗೆ ಏನು ತಲುಪುತ್ತದೆ ಎಂಬುದಕ್ಕೆ ಕಾಕಾನ ಕಿವಿಯೇ ಅಳತೆಗೋಲು.

ಮೊದಲು ವ್ಯಾಟ್‌ನ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ನಾನು ಹಣ ಕಳೆದುಕೊಂಡದ್ದು ಅಲ್ಲಿಯೇ. ಶಬ್ದ ಅರ್ಧದಷ್ಟು ಕೇಳಿಸಬೇಕಾದರೆ ಸುಮಾರು 10 ಡೆಸಿಬೆಲ್ ಇಳಿಯಬೇಕು. ಅಂದರೆ ಶಕ್ತಿ ಹತ್ತನೇ ಒಂದು ಭಾಗಕ್ಕೆ ಇಳಿಯಬೇಕು. 100 ವ್ಯಾಟ್‌ನ ಆಂಪ್‌ಗೆ ಹೋಲಿಸಿದರೆ 10 ವ್ಯಾಟ್‌ನದು ಅರ್ಧ ಜೋರು, 1 ವ್ಯಾಟ್‌ನದು ಕಾಲು ಜೋರು, ಅಷ್ಟೇ. ಗಿಟಾರ್ ಸ್ಪೀಕರ್‌ಗಳೋ ಬಹಳ ಚುರುಕು: ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಸಾಮಾನ್ಯವಾಗಿ 95ರಿಂದ 100 ಡೆಸಿಬೆಲ್ ಕೂಗುತ್ತವೆ. ನಮ್ಮ ದೇಶದ 2000ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಹಾಕಿದ ಮಿತಿ 45 ಡೆಸಿಬೆಲ್. ಅಂಗಡಿಯವರು "ಒಂದೇ ವ್ಯಾಟ್, ಮನೆಗೆ ಹೇಳಿ ಮಾಡಿಸಿದ್ದು" ಎಂದಾಗ ಈ ಲೆಕ್ಕ ನನಗೆ ತಿಳಿದಿದ್ದರೆ ಎಷ್ಟು ಚೆನ್ನಾಗಿತ್ತು.

ಆದರೂ ಆ ಒಂದು ವ್ಯಾಟ್‌ನ ಆಂಪ್ ಐದರಲ್ಲಿ ಅತ್ಯಂತ ಸುಂದರವಾಗಿ ನುಡಿಯುವುದು. ಭಾನುವಾರ ಮಧ್ಯಾಹ್ನ ಕಾಕಾ ಮದುವೆಗೆಂದು ಗೋಕಾಕಕ್ಕೆ ಹೋದಾಗ ಪೂರ್ತಿ ತಿರುಗಿಸಿ ನೋಡಿದ್ದೇನೆ. ಬೆರಳು ಮೆತ್ತಗೆ ಮುಟ್ಟಿದರೆ ಸ್ವಚ್ಛ, ಒತ್ತಿ ಮೀಟಿದರೆ ಗರಗರ; ಗಿಟಾರಿನ ವಾಲ್ಯೂಮ್ ಸ್ವಲ್ಪ ಇಳಿಸಿದರೆ ಮತ್ತೆ ಸ್ವಚ್ಛ. ಜಿ ತಂತಿಯ ಸ್ವರವನ್ನು ಸ್ಪೀಕರ್‌ನಿಂದ ಬರುವ ಗಾಳಿಯೇ ಎತ್ತಿ ಹಿಡಿದಂತೆ ಅದು ಆರದೆ ನಿಲ್ಲುತ್ತದೆ. ಇದು ಬರಿಯ ಭ್ರಮೆಯಲ್ಲ. ಶಬ್ದ ಸಾಕಷ್ಟು ಜೋರಿದ್ದಾಗ ಅದು ತಂತಿಯನ್ನು ಮತ್ತೆ ಅಲುಗಿಸುತ್ತದೆ, ಸ್ವರಕ್ಕೆ ಆಯುಷ್ಯ ಸಿಗುತ್ತದೆ. ರಾತ್ರಿಯ ಮಟ್ಟಕ್ಕೆ ಇಳಿಸಿದ ಕೂಡಲೇ ಎರಡು ವಿಷಯ ಒಟ್ಟಿಗೆ ಕೈಬಿಡುತ್ತವೆ: ಈ ಎತ್ತಿ ಹಿಡಿಯುವಿಕೆ, ಮತ್ತು ಕೊನೆಯ ಹಂತದ ಟ್ಯೂಬ್‌ಗಳು ಬಳಲಿದಾಗ ಬರುವ ಆ ಮೆದುವಾದ ಒಡಕು. ಉಳಿಯುವುದು ಮೊದಲ ಹಂತದ ಗೇನ್ (ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಮಾತ್ರ. ಅದು ನೊಣದ ರೆಕ್ಕೆಯಂತೆ ಜುಯ್ ಎನ್ನುತ್ತದೆ.

ಈ ಜುಯ್ ಎನ್ನುವುದಕ್ಕೆ ನಮ್ಮ ಕಿವಿಯ ಪಾಲೂ ಇದೆ. ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮುನ್ಸನ್ 1933ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ತಿಳಿದ ಸಂಗತಿ ಇದು: ಶಬ್ದ ಇಳಿದಂತೆ ತಗ್ಗಿನ ಸ್ವರಗಳು ಕಿವಿಯಿಂದ ಬೇಗ ಮರೆಯಾಗುತ್ತವೆ, ತುಸು ಮಟ್ಟಿಗೆ ತೀರ ಮೇಲಿನವೂ, ನಡುವಿನವು ಕಡೆಯವರೆಗೆ ಉಳಿಯುತ್ತವೆ. ಗಿಟಾರಿನ ದಪ್ಪ ಇ ತಂತಿ ಸುಮಾರು 82 ಹರ್ಟ್ಸ್. ಮೊದಲು ಸೊರಗುವುದು ಅದರ ಬುಡ. ಅದನ್ನು ತುಂಬಲು ನಾವು ಬೇಸ್ ಏರಿಸುತ್ತೇವೆ. ಏರಿಸಿದ ಬೇಸ್ ನಮ್ಮ ಕಿವಿಗೆ ಅರೆಬರೆ ಬರುತ್ತದೆ, ಆಂಪ್‌ನ ಕಾಲುಗಳ ಮೂಲಕ ನೆಲಕ್ಕೆ ಮಾತ್ರ ಪೂರ್ತಿ ಇಳಿಯುತ್ತದೆ. ಕಾಕಾನ ಮಂಚ ಗುಂಯ್ ಎಂದದ್ದು ಹೀಗೆ.

ಎರಡನೆಯ ದಾರಿ ಅಟೆನ್ಯುಯೇಟರ್. ಆಂಪ್ ಮತ್ತು ಸ್ಪೀಕರ್‌ಗಳ ನಡುವೆ ಕುಳಿತು ಹೆಚ್ಚಿನ ಶಕ್ತಿಯನ್ನು ಶಾಖವಾಗಿ ಸುಡುವ ಪೆಟ್ಟಿಗೆ ಅದು. ಕ್ಯಾಂಪ್ ಪ್ರದೇಶದಲ್ಲಿರುವ ಗೆಳೆಯನ 15 ವ್ಯಾಟ್‌ನ ಟ್ಯೂಬ್ ಆಂಪ್ ತಂದು, ಅಗ್ಗದ ಒಂದು ಅಟೆನ್ಯುಯೇಟರ್ ಜೋಡಿಸಿ ಎರಡು ವಾರ ನುಡಿಸಿದೆ. ಆರೆಂಟು ಡೆಸಿಬೆಲ್ ಇಳಿಸುವವರೆಗೆ ಅದು ಸೊಗಸು. ರಾತ್ರಿಯ ಮಟ್ಟಕ್ಕೆ ಒಯ್ದಾಗ ಟೋನ್ ಮೇಲೆ ಕಂಬಳಿ ಹೊದಿಸಿದಂತೆ ಆಯಿತು. ಕಾರಣ ಸರಳ: ಸ್ಪೀಕರ್ ಮೇಲೆ 8 ಓಮ್ ಎಂದು ಬರೆದಿದ್ದರೂ ಅದರ ಪ್ರತಿರೋಧ ಸ್ವರದಿಂದ ಸ್ವರಕ್ಕೆ ಏರಿಳಿಯುತ್ತದೆ, ತಗ್ಗಿನ ಒಂದು ಕಡೆ ಮತ್ತು ಮೇಲಿನ ತುದಿಯಲ್ಲಿ ಬಹಳ ಹೆಚ್ಚುತ್ತದೆ. ಟ್ಯೂಬ್ ಆಂಪ್ ಆ ಏರಿಳಿತಕ್ಕೆ ಸ್ಪಂದಿಸುತ್ತದೆ. ಬರಿಯ ರೆಸಿಸ್ಟರ್ ತುಂಬಿದ ಅಗ್ಗದ ಪೆಟ್ಟಿಗೆ ಅದನ್ನೆಲ್ಲ ಸಮತಟ್ಟು ಮಾಡಿಬಿಡುತ್ತದೆ. ಸ್ಪೀಕರ್‌ನಂತೆಯೇ ವರ್ತಿಸುವ ರಿಯಾಕ್ಟಿವ್ ಪೆಟ್ಟಿಗೆಗಳು ಉತ್ತಮ. ಬೆಲೆ ನನ್ನ ಕೈಗೆ ಎಟುಕದು. ಈ ದಾರಿ ಹಿಡಿಯುವವರಿಗೆ ಒಂದೇ ಎಚ್ಚರಿಕೆ: ಓಮ್ ಹೊಂದಿಸಿಕೊಳ್ಳಿ, ಸ್ಪೀಕರ್ ಆಗಲಿ ಲೋಡ್ ಆಗಲಿ ಇಲ್ಲದೆ ಟ್ಯೂಬ್ ಆಂಪ್‌ನಲ್ಲಿ ಎಂದೂ ನುಡಿಸಬೇಡಿ. ಅದರ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೀತು.

ಮೂರನೆಯದು ಬಾಸ್ ಕಂಪನಿಯ ಕಟಾನ 50. ಟ್ಯೂಬ್ ಇಲ್ಲ, 12 ಇಂಚಿನ ಸ್ಪೀಕರ್ ಇದೆ, ಶಕ್ತಿಯನ್ನು 50, 25, ಅರ್ಧ ವ್ಯಾಟ್ ಎಂದು ಬದಲಿಸುವ ಗುಂಡಿ ಇದೆ. ಅರ್ಧ ವ್ಯಾಟ್‌ನಲ್ಲಿ ನುಡಿಸಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ದೊಡ್ಡ ಸ್ಪೀಕರ್ ಮೆಲ್ಲಗೆ ನುಡಿದರೂ ಅದರ ಮೈ ತುಂಬಿಕೊಂಡೇ ಇರುತ್ತದೆ. ಆರ್ಪೆಜಿಯೊ ಐದರಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು ಇದರಲ್ಲಿಯೇ. ಆದರೆ ಮೈ ಇರುವುದು ನೆಲಕ್ಕೂ ತಲುಪುತ್ತದೆ.

ಇಲ್ಲಿಯೇ ನಾನು ಇಡೀ ಎಂಟು ತಿಂಗಳಲ್ಲಿ ಅತ್ಯಂತ ದೊಡ್ಡ ಲಾಭ ಕಂಡೆ, ಅದಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಅವ್ವ ಹೊಲಿದುಕೊಟ್ಟ ಹಳೆಯ ಕೌದಿಯನ್ನು ನಾಲ್ಕು ಮಡಿಕೆ ಮಾಡಿ, ಮರದ ಕುರ್ಚಿಯ ಮೇಲೆ ಹಾಸಿ, ಆಂಪನ್ನು ಅದರ ಮೇಲೆ ಕೂರಿಸಿ, ಮುಖ ನನ್ನ ಕಿವಿಯ ಕಡೆಗೆ ತಿರುಗಿಸಿದೆ. ಮರುದಿನ ಕಾಕಾನನ್ನು ಕೇಳಿದರೆ, "ನಿನ್ನೆ ಮಂಚ ಸುಮ್ಮನಿತ್ತು" ಎಂದರು. ನನ್ನ ಕಡೆಯಿಂದಲೂ ಬದಲಾವಣೆ ಆಗಿತ್ತು. ಎತ್ತರದ ಸ್ವರಗಳು ಸ್ಪೀಕರ್‌ನಿಂದ ಟಾರ್ಚಿನ ಬೆಳಕಿನಂತೆ ನೇರಕ್ಕೆ ಹೋಗುತ್ತವೆ. ಆಂಪ್ ನೆಲದಲ್ಲಿದ್ದಾಗ ಅವು ನನ್ನ ಮೊಣಕಾಲಿಗೆ ತಾಗುತ್ತಿದ್ದವು, ನಾನು ಮಂಕಾಗಿದೆ ಎಂದು ಟ್ರೆಬಲ್ ಏರಿಸುತ್ತಿದ್ದೆ. ಕಿವಿಯ ಮಟ್ಟಕ್ಕೆ ಬಂದ ಮೇಲೆ ಟ್ರೆಬಲ್ ಇಳಿಸಬೇಕಾಯಿತು, ವಾಲ್ಯೂಮೂ ತಾನಾಗಿ ಇಳಿಯಿತು. ಹೊಸ ಆಂಪ್ ಕೊಳ್ಳುವ ಮುನ್ನ ಇರುವ ಆಂಪನ್ನು ಎತ್ತಿ ಕುರ್ಚಿಯ ಮೇಲೆ ಇಟ್ಟು ಒಂದು ವಾರ ನುಡಿಸಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ನಾಲ್ಕನೆಯದು ಯಮಹಾ ಟಿಎಚ್‌ಆರ್10, ಬಳಸಿದ ಮಾಲು, ಗೋವಾದಿಂದ ಚೋರ್ಲಾ ಘಾಟ್ ದಾರಿಯಲ್ಲಿ ತಂದದ್ದು. ಊಟದ ಡಬ್ಬಿಗಿಂತ ತುಸು ದೊಡ್ಡದಾದ ಪೆಟ್ಟಿಗೆ, ಒಳಗೆ 8 ಸೆಂಟಿಮೀಟರ್‌ನ ಎರಡು ಸ್ಪೀಕರ್. ಮೇಜಿನ ಮೇಲೆ ಇಟ್ಟುಕೊಂಡು ಎದುರಿಗೆ ಕುಳಿತು ನುಡಿಸುವುದಕ್ಕೆಂದೇ ಮಾಡಿದ್ದು. ಮಾತನಾಡುವಷ್ಟು ಮೆತ್ತಗಿನ ಶಬ್ದದಲ್ಲಿಯೇ ಇದರ ಟೋನ್ ಪೂರ್ಣವಾಗಿರುತ್ತದೆ, ಇನ್ನೂ ಜೋರು ಮಾಡಬೇಕೆಂಬ ತುಡಿತವೇ ಬರುವುದಿಲ್ಲ. ಗೇನ್ ಮತ್ತು ಮಾಸ್ಟರ್ ಟೋನ್ ರೂಪಿಸುತ್ತವೆ. ಕೊನೆಯ ಜೋರು ಎಷ್ಟು ಎಂಬುದಕ್ಕೆ ಬೇರೆಯೇ ಗುಂಡಿ ಇದೆ. ಎರಡು ಸ್ಪೀಕರ್‌ಗಳಲ್ಲಿ ಹರಡಿಕೊಳ್ಳುವ ರಿವರ್ಬ್ (ಪ್ರತಿಧ್ವನಿಯ ಗುಂಗು) ಕೋಣೆಯನ್ನು ದೊಡ್ಡದು ಮಾಡುತ್ತದೆ. ಪವರ್ ಕಾರ್ಡ್ ಎದೆಗೆ ಬಡಿಯುವುದಿಲ್ಲ. ಅಷ್ಟು ಚಿಕ್ಕ ಸ್ಪೀಕರ್‌ನಿಂದ ಅದನ್ನು ಬಯಸುವುದೂ ನ್ಯಾಯವಲ್ಲ.

ಇದಕ್ಕೆ ಎಂಟು ಪೆನ್ಸಿಲ್ ಸೆಲ್ ಹಾಕಿದರೂ ನಡೆಯುತ್ತದೆ. ಮಳೆಗಾಲದಲ್ಲಿ ಈ ಗುಣಕ್ಕೆ ನಾನು ಕೈಮುಗಿದಿದ್ದೇನೆ. ಕರೆಂಟ್ ಹೋಗಿ ಇನ್ವರ್ಟರ್ ಹತ್ತಿದರೆ, ಅದು ಹಳೆಯ ಚೌಕ ತರಂಗದ ಮಾದರಿಯದಾದ್ದರಿಂದ, ಸಾಕೆಟ್‌ಗೆ ಹಚ್ಚಿದ ಯಾವ ಆಂಪ್ ಆದರೂ ಜೀರುಂಡೆಯಂತೆ ಕೂಗುತ್ತದೆ. ಸೆಲ್ ಮೇಲೆ ನಡೆಸಿದಾಗ ಆ ಕೂಗಿನ ಬಹುಪಾಲು ಮಾಯ. ಸಿಂಗಲ್ ಕಾಯಿಲ್ ಗಾಳಿಯಿಂದಲೇ ಹಿಡಿದುಕೊಳ್ಳುವ ಸ್ವಲ್ಪ ಗುಂಯ್ ಉಳಿಯುತ್ತದೆ. ಹಂಬಕರ್‌ಗೆ ಬದಲಿಸಿದರೆ ಅದೂ ಇಳಿಯುತ್ತದೆ. ಜುಲೈ ತಿಂಗಳಲ್ಲಿ ಹಿತ್ತಲಿನ ತಗಡಿನ ಮೇಲೆ ಮಳೆ ಹಿಡಿದುಕೊಂಡರೆ ಹತ್ತು ಗಂಟೆಗೂ ವಾಲ್ಯೂಮ್ ಒಂದು ಕೂದಲು ಏರಿಸಬಹುದು. ಆ ರಾತ್ರಿಗಳು ನನಗೆ ಬಹಳ ಇಷ್ಟ.

ಐದನೆಯದು ಲ್ಯಾಪ್‌ಟಾಪ್ ಮತ್ತು ಹೆಡ್‌ಫೋನ್. ನ್ಯೂರಲ್ ಆಂಪ್ ಮಾಡೆಲರ್ ಎಂಬ, ನಿಜವಾದ ಆಂಪ್‌ಗಳ ಸದ್ದನ್ನು ಅನುಕರಿಸುವ ಉಚಿತ ತಂತ್ರಾಂಶ, ಗಿಟಾರನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಒಂದು ಯುಎಸ್‌ಬಿ ಆಡಿಯೊ ಇಂಟರ್‌ಫೇಸ್, ಕಿವಿ ಮುಚ್ಚುವ ತಂತಿಯ ಹೆಡ್‌ಫೋನ್. ಇದರಲ್ಲಿ ಪವರ್ ಕಾರ್ಡ್ ಕೇಳಿದಾಗ ನಾನು ಹೆಡ್‌ಫೋನ್ ತೆಗೆದು ಕೋಣೆಯನ್ನೊಮ್ಮೆ ನೋಡಿದೆ, ಅಷ್ಟು ದೊಡ್ಡದಾಗಿತ್ತು ಅದು. ಇನ್ನೊಂದು ಉಪಕಾರವೂ ಇದೆ. ಆಂಪ್ ತೀರ ಮೆತ್ತಗಿದ್ದಾಗ ತಂತಿಯದೇ ಟಿಕ್ ಟಿಕ್ ಸದ್ದು ಆಂಪ್‌ನ ಸದ್ದಿಗೆ ಸಮನಾಗಿ ಕೇಳಿ ಟೋನನ್ನು ಕೆಡಿಸುತ್ತದೆ. ಮುಚ್ಚಿದ ಹೆಡ್‌ಫೋನ್ ಅದನ್ನು ಹೊರಗೇ ತಡೆಯುತ್ತದೆ. ಮರೆಯಬಾರದ ಮಾತು ಎರಡು. ಆಂಪ್ ಮಾದರಿಯ ಜೊತೆಗೆ ಸ್ಪೀಕರ್ ಪೆಟ್ಟಿಗೆಯ ಇಂಪಲ್ಸ್ ರೆಸ್ಪಾನ್ಸ್ ಕಡತವನ್ನೂ (ಪೆಟ್ಟಿಗೆಯ ಧ್ವನಿಗುಣವನ್ನು ದಾಖಲಿಸಿದ್ದು) ಹಾಕಬೇಕು, ಇಲ್ಲದಿದ್ದರೆ ಗರಗಸದ ಸದ್ದು ಬರುತ್ತದೆ. ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಸಂಸ್ಕರಿಸುವ ಸದ್ದಿನ ತುಣುಕು, ಚಿಕ್ಕದಿರಬೇಕು: 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಎಂದರೆ 2.7 ಮಿಲಿಸೆಕೆಂಡ್; ಹೋಗಿಬರುವ ತಡವೆಲ್ಲ ಸೇರಿ ಹತ್ತರ ಒಳಗಿದ್ದರೆ ಆಂಪ್‌ನಿಂದ ಮೂರೂವರೆ ಮೀಟರ್ ದೂರ ನಿಂತಂತೆ, ಬೆರಳಿಗೆ ತೊಂದರೆಯಿಲ್ಲ. ಬ್ಲೂಟೂತ್ ಹೆಡ್‌ಫೋನಿನಲ್ಲಿ ತಡ ಇದರ ಎಷ್ಟೋ ಪಟ್ಟು. ಅದರಲ್ಲಿ ನುಡಿಸುವುದು ಆಗದ ಮಾತು. ದಿನವಿಡೀ ಕಂಪ್ಯೂಟರ್ ಮುಂದೆ ಕುಳಿತು ಬಂದವನಿಗೆ ರಾತ್ರಿ ಮತ್ತೆ ಅದನ್ನೇ ತೆರೆಯುವುದು ಕಷ್ಟ ಎಂಬುದನ್ನೂ ಸೇರಿಸುತ್ತೇನೆ. ಹನ್ನೊಂದರ ನಂತರ ಮಾತ್ರ ನಾನು ಇದಕ್ಕೆ ಕುಳಿತುಕೊಳ್ಳುತ್ತೇನೆ.

ಹಾಗಾದರೆ ಯಾವುದು? ರಾತ್ರಿ ಒಂಬತ್ತೂವರೆಗೆ ಕೈ ತಾನಾಗಿ ಹೋಗುವುದು ಟಿಎಚ್‌ಆರ್10ಗೆ. ಕಟಾನವನ್ನು ಮಾರಿಲ್ಲ, ಊರೊಳಗೆ ಕಾರ್ಯಕ್ರಮ ಇದ್ದರೆ ಅದೇ ಬೇಕು. ಅಟೆನ್ಯುಯೇಟರ್ ಮಾರಿದೆ. ಒಂದು ವ್ಯಾಟ್‌ನ ಟ್ಯೂಬ್ ಆಂಪ್ ಭಾನುವಾರದ ಮಧ್ಯಾಹ್ನಗಳಿಗೆ ಉಳಿದಿದೆ. ಮನೆಗೆಂದು ಒಂದನ್ನೇ ಕೊಳ್ಳುವವರು ವ್ಯಾಟ್ ನೋಡದೆ, ಅಂಗಡಿಯಲ್ಲಿ ಪಕ್ಕದವರೊಂದಿಗೆ ಮಾತನಾಡುವ ಮಟ್ಟಕ್ಕೆ ಇಳಿಸಿ ಹತ್ತು ನಿಮಿಷ ನುಡಿಸಿ ನೋಡಲಿ.

ಗೇನ್ ಬಗ್ಗೆ ಹೇಳುವುದು ಉಳಿದಿದೆ, ಅದನ್ನು ನನಗೆ ಕಲಿಸಿದ್ದು ಕಾಕಾನ ತಂಬೂರಿ. ಒಂದು ಸಂಜೆ ಅವರು ಕುದುರೆಯ (ತಂತಿಗಳು ಹಾದುಹೋಗುವ ಸೇತುವೆಯ) ಮೇಲೆ ತಂತಿಯ ಕೆಳಗಿನ ನೂಲನ್ನು ಬೆರಳ ತುದಿಯಿಂದ ಒಂದಿಷ್ಟೇ ಸರಿಸಿದರು. ಬರಿಯ ಟಂ ಎನ್ನುತ್ತಿದ್ದ ತಂತಿ ಜೇನುಗೂಡಿನಂತೆ ತುಂಬಿಕೊಂಡಿತು. "ಜವಾರಿ ಸರಿಯಾಗಿದ್ದರೆ ಮೆತ್ತಗೆ ಮೀಟಿದರೂ ಮನೆ ತುಂಬುತ್ತದೆ. ನೂಲು ಒಂದು ಎಳೆ ಹೆಚ್ಚು ಸರಿದರೆ ಬರಿಯ ಕಿರಿಕಿರಿ" ಎಂದರು. ಡಿಸ್ಟಾರ್ಷನ್ ಮಾಡುವ ಕೆಲಸವೂ ಇದೇ ಬಗೆಯದು, ಮೂಲ ಸ್ವರದ ಮೇಲೆ ಉಪಸ್ವರಗಳನ್ನು ಸೇರಿಸುವುದು. ಮೆಲ್ಲಗೆ ನುಡಿಸುವಾಗ ನಾವು ಕೊರತೆ ತುಂಬಲು ಗೇನ್ ಏರಿಸುತ್ತಲೇ ಹೋಗುತ್ತೇವೆ, ನೂಲು ಸರಿದುಬಿಡುತ್ತದೆ. ಆ ಸಂಜೆಯ ನಂತರ ಗೇನ್ ಅನ್ನು ಮೂರನೇ ಒಂದು ಭಾಗ ಇಳಿಸಿ, ಮಿಡ್ (ನಡುವಿನ ಸ್ವರಗಳು) ಏರಿಸಿ, ಜೋರು ಮೆತ್ತಗಿನ ಅಂತರ ತಗ್ಗಿಸುವ ಕಂಪ್ರೆಸರ್ ಸ್ವಲ್ಪ ಸೇರಿಸಿದೆ. ಜಿ ತಂತಿಯ ಸ್ವರ ಈಗ ಮೊದಲಿಗಿಂತ ಉದ್ದಕ್ಕೆ ನಿಲ್ಲುತ್ತದೆ, ನೊಣದ ಸದ್ದು ಹೋಗಿದೆ.

ಮನೆಗೆ ಹೊಂದಿಸಿದ ಟೋನ್ ಸಭಾಂಗಣಕ್ಕೆ ಹೊಂದುವುದಿಲ್ಲ ಎಂಬುದನ್ನು ಶಹಾಪುರದ ಒಂದು ಗಣೇಶೋತ್ಸವದ ವೇದಿಕೆಯಲ್ಲಿ ಕಲಿತೆ. ರಾತ್ರಿ ಮೆತ್ತಗೆ ಕೇಳಿ ಏರಿಸಿಟ್ಟ ಬೇಸ್, ಪೂರ್ತಿ ಶಬ್ದದಲ್ಲಿ ಕೆಸರಿನಂತೆ ಹರಡಿ ನನ್ನ ಗಿಟಾರನ್ನೂ ಗೆಳೆಯನ ಬೇಸ್ ಗಿಟಾರನ್ನೂ ಒಂದೇ ಮಾಡಿಬಿಟ್ಟಿತು. ಕಟಾನದ ಗುಂಡಿಗಳ ಸುತ್ತ ಈಗ ಎರಡು ಬಣ್ಣದ ಕಾಗದದ ಚೂರು ಅಂಟಿಸಿದ್ದೇನೆ. ಹಸಿರು ಮನೆಗೆ, ಕೆಂಪು ವೇದಿಕೆಗೆ. ಬೇಸ್ ಗುಂಡಿಯಲ್ಲಿ ಹಸಿರು ಚೂರು ಒಂದು ಗಂಟೆಯ ಮುಳ್ಳಿನ ಕಡೆ ಇದೆ, ಕೆಂಪು ಹತ್ತು ಗಂಟೆಯ ಕಡೆ.