ಡುಬ್ರೊವ್ನಿಕ್ಕಾ ಕೊಟೋರಾ?

ಏಡ್ರಿಯಾಟಿಕ್ ಸಮುದ್ರದ ಕಡೆ ಹೋಗ್ತಿದ್ದೀರಾ, ಕ್ರೊಯೇಷಿಯಾದ ಡುಬ್ರೊವ್ನಿಕ್, ಮಾಂಟೆನೆಗ್ರೊದ ಕೊಟೋರ್, ಈ ಎರಡರಲ್ಲಿ ಒಂದೇ ಊರಿಗೆ ಟೈಮ್ ಇದೆ ಅಂದ್ರೆ, ಮೊದಲು ವೀಸಾ ನೋಡ್ಕೊಳ್ಳಿ. ಕ್ರೊಯೇಷಿಯಾ 2023ರಿಂದ ಷೆಂಗನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪ್ ದೇಶಗಳ ಗುಂಪು) ಒಳಗಿದೆ, ಮಾಂಟೆನೆಗ್ರೊ ಇಲ್ಲ. ಸಿಂಗಲ್ ಎಂಟ್ರಿ ವೀಸಾದಲ್ಲಿ ಡುಬ್ರೊವ್ನಿಕ್ಕಿಂದ ಕೊಟೋರ್‌ಗೆ ದಾಟಿದ್ರೆ ವಾಪಸ್ ಬರೋಕಾಗಲ್ಲ, ಮಲ್ಟಿಪಲ್ ಇರ್ಲೇಬೇಕು. ಎರಡೂ ಕಡೆ ಯೂರೋನೇ ನಡಿಯುತ್ತೆ, ಅದೊಂದು ತಲೆನೋವಿಲ್ಲ.

ಖರ್ಚಲ್ಲಿ ಡುಬ್ರೊವ್ನಿಕ್ ಜೇಬಿಗೆ ಕತ್ತರಿ, ಸೀಸನ್‌ನಲ್ಲಿ ಕೋಟೆಗೋಡೆ ಹತ್ತೋಕೇ 35 ಯೂರೋ ಮೇಲೆ! ಆದ್ರೂ ಸುಮಾರು ಎರಡು ಕಿಲೋಮೀಟರ್ ಆ ಗೋಡೆ ಮೇಲೆ ನಡೀತಾ ಒಂದ್ಕಡೆ ಕೆಂಪು ಹೆಂಚು, ಇನ್ನೊಂದ್ಕಡೆ ತೆರೆದ ಸಮುದ್ರ ನೋಡಿದ್ರೆ ದುಡ್ಡು ಹೋಯ್ತು ಅನ್ನಿಸಲ್ಲ, ಕೆಳಗೆ ಸ್ಟ್ರಾಡುನ್ ಬೀದಿ ಕಲ್ಲು ಜನ ತುಳಿದು ತುಳಿದು ಗಾಜಿನ ಥರ ಆಗಿದೆ, ಮಳೆ ಬಂದ್ರೆ ಹುಷಾರು, ಜಾರುತ್ತೆ.

ಕೊಟೋರ್‌ದು ಬೇರೆ ಲೆಕ್ಕ. ಸಮುದ್ರ ಬೆಟ್ಟದ ಒಳಕ್ಕೇ ನುಗ್ಗಿ ಕೂತಿದೆ, ನೀರು ಕೆರೆ ಥರ ಶಾಂತ. ಊರು ಚಿಕ್ಕದು, ರೂಮು ಅಗ್ಗ, ಗಲ್ಲಿಗೊಂದು ಬೆಕ್ಕು. ಆದ್ರೆ ಮೇಲಿನ ಕೋಟೆಗೆ ಸುಮಾರು 1350 ಮೆಟ್ಲು, ಮಂಡಿ ನೋವಿರೋ ಅಪ್ಪ ಅಮ್ಮನ್ನ ಕರ್ಕೊಂಡು ಹೋಗೋದಾದ್ರೆ ಅದನ್ನ ಬಿಟ್ಟುಬಿಡಿ, ಪಕ್ಕದ ಪೆರಾಸ್ಟ್‌ನಿಂದ ದೋಣೀಲಿ ದ್ವೀಪದ ಚರ್ಚ್ ನೋಡ್ಕೊಂಡು ಬನ್ನಿ.

ಬೀಚಲ್ಲಿ ಮರಳು ಎರಡೂ ಕಡೆ ಹುಡುಕ್ಬೇಡಿ, ಬೆಣಚುಕಲ್ಲೇ ಜಾಸ್ತಿ, ರಬ್ಬರ್ ಚಪ್ಪಲಿ ಇಟ್ಕೊಳ್ಳಿ. ವೆಜ್‌ನವರು ಬ್ಲಿಟ್ವಾ ಕೇಳಿ, ಆಲೂ ಜೊತೆ ಸೊಪ್ಪಿನ ಪಲ್ಯ ಅಂದ್ಕೊಳ್ಳಿ.

ಮೂರು ದಿನ, ಮೊದಲ ಸಲ, ಬಜೆಟ್ ಇದೆ ಅಂದ್ರೆ ಡುಬ್ರೊವ್ನಿಕ್. ವಾರ ಪೂರ್ತಿ ನಿಧಾನಕ್ಕೆ ಇರೋದಾದ್ರೆ ನಾನಾದ್ರೆ ಕೊಟೋರ್. ಜುಲೈ ಆಗಸ್ಟ್ ಮಾತ್ರ ಬೇಡ, ಕ್ರೂಸ್ ಹಡಗು ನಿಂತ್ರೆ ಎರಡೂ ಊರು ಜಾತ್ರೆ.