ಲೊಕೇಶನ್ ಬೇಡ ಅಂದರೂ ಊರು ಗೊತ್ತಾಯ್ತು: ಒಂದೇ ಕಂಪನಿಯ ಎರಡು ಆ್ಯಪ್ ಹಾಕಬೇಡಿ

ಒಂದೇ ಕಂಪನಿಯ ಎರಡು ಆ್ಯಪ್ ಒಂದೇ ಫೋನಿಗೆ ಹಾಕಬೇಡಿ. ದಯವಿಟ್ಟು ಹಾಕಬೇಡಿ.

ಪಂಚಾಂಗದ ಆ್ಯಪಿಗೆ ಲೊಕೇಶನ್ ‘ಬೇಡ’ ಅಂತಲೇ ಒತ್ತಿದ್ದು. ಅದು ಬೆಂಗಳೂರಿನ ಸೂರ್ಯೋದಯ ತೋರಿಸ್ತಿತ್ತು. ಸರಿಯೇ, ಮೊಬೈಲ್ ಡೇಟಾದ ಐಪಿ ವಿಳಾಸ (ಇಂಟರ್ನೆಟ್ಟಿನಲ್ಲಿ ಫೋನಿನ ಗುರುತಿನ ಸಂಖ್ಯೆ) ಅಲ್ಲಿಯದೇ ಬರೋದು. ಒಂದು ಬೆಳಿಗ್ಗೆ ನೋಡಿದರೆ ಮೇಲೆ ನಮ್ಮೂರು, ‘ಸಿದ್ದಾಪುರ’! ಸೂರ್ಯೋದಯ ಸುಮಾರು 10 ನಿಮಿಷ ತಡ, ರಾಹುಕಾಲವೂ ಅದಕ್ಕೆ ತಕ್ಕಂತೆ. ಯಾವ ಆ್ಯಪ್ ಯಾವಾಗ ಲೊಕೇಶನ್ ಪಡೆಯಿತು ಅಂತ ತೋರಿಸುವ ಪ್ರೈವಸಿ ಡ್ಯಾಶ್‌ಬೋರ್ಡ್ ತೆಗೆದರೆ ಪಂಚಾಂಗದ ಹೆಸರೇ ಇಲ್ಲ. ಲೊಕೇಶನ್ ಪಡೆದದ್ದು ಹಿಂದಿನ ವಾರ ಹಾಕಿದ ಹವಾಮಾನದ ಆ್ಯಪ್. ಎರಡೂ ಒಂದೇ ಕಂಪನಿಯವು.

ಹವಾಮಾನದ್ದನ್ನು ತೆಗೆದು, ಪಂಚಾಂಗದ ಸ್ಟೋರೇಜ್ ಕ್ಲಿಯರ್ ಮಾಡಿದರೆ ಬೆಂಗಳೂರು. ಮತ್ತೆ ಹಾಕಿದರೆ ಸಿದ್ದಾಪುರ. ಮೂರು ಸಲ ಪರೀಕ್ಷೆ, ಮೂರೂ ಸಲ ಸಿದ್ದಾಪುರ. ಮುಂಬಾಗಿಲಿಗೆ ಬೀಗ ಜಡಿದು ಹಿತ್ತಲ ಬಾಗಿಲ ಕೀಲಿ ನಾವೇ ಕೊಟ್ಟಂಗಾಯ್ತು.

ಆಂಡ್ರಾಯ್ಡ್‌ನಲ್ಲಿ ಒಂದೇ ಕೀಲಿಯಿಂದ (ಆ್ಯಪ್ ತನ್ನದೇ ಅಂತ ಡೆವಲಪರ್ ಹಾಕುವ ಡಿಜಿಟಲ್ ಮುದ್ರೆ) ಸೈನ್ ಆದ ಆ್ಯಪ್‌ಗಳು ತಮ್ಮತಮ್ಮಲ್ಲಿ ಮಾಹಿತಿ ಹಂಚಿಕೊಳ್ಳಲು ‘ಸಿಗ್ನೇಚರ್’ ಮಟ್ಟದ ಪರ್ಮಿಶನ್ ಇಟ್ಟುಕೊಳ್ಳಬಹುದು. ಅದಕ್ಕೆ ನಮ್ಮನ್ನು ಕೇಳೋದೇ ಇಲ್ಲ. ಅದೂ ಬೇಡ, ಜಾಹೀರಾತು ಐಡಿ (ಜಾಹೀರಾತಿಗಾಗಿ ಫೋನಿಗೆ ಕೊಟ್ಟ ಗುರುತು) ಎಲ್ಲ ಆ್ಯಪ್‌ಗಳಿಗೂ ಒಂದೇ, ಅದನ್ನು ಹಿಡಿದು ಎರಡೂ ಆ್ಯಪಿನ ಮಾಹಿತಿ ಕಂಪನಿಯ ಸರ್ವರಿನಲ್ಲೇ ಜೋಡಿಸಿದರಾಯ್ತು.

ಕಸ್ಟಮರ್ ಕೇರ್ ಉತ್ತರ ಕೇಳಿ. ಮೊದಲು: “ನಮ್ಮ ಪಂಚಾಂಗ ಆ್ಯಪ್ ಅನುಮತಿಯಿಲ್ಲದೆ ಲೊಕೇಶನ್ ಪಡೆಯುವುದಿಲ್ಲ.” ಹೌದು ಸ್ವಾಮಿ, ಪಡೆಯಲ್ಲ, ತಮ್ಮನ ಹತ್ತಿರ ಇಸ್ಕೊಳ್ಳುತ್ತೆ! ಪರೀಕ್ಷೆಯ ಸ್ಕ್ರೀನ್‌ಶಾಟ್ ಕಳಿಸಿದರೆ “ದಯವಿಟ್ಟು ಅಪ್‌ಡೇಟ್ ಮಾಡಿ.” ಮತ್ತೆ ಕೇಳಿದರೆ “ಸಮೂಹದ ಸೇವೆಗಳ ನಡುವೆ ಮಾಹಿತಿ ಹಂಚಿಕೆಗೆ ನೀವು ಒಪ್ಪಿದ್ದೀರಿ.” ಕಳ್ಳನಿಗೊಂದು ಪಿಳ್ಳೆ ನೆವ.

ದೊಡ್ಡವರೂ ಕಮ್ಮಿಯಿಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಆ್ಯಪ್‌ಗಳು ಆಂಡ್ರಾಯ್ಡ್ ಫೋನಿನೊಳಗೇ ಪೋರ್ಟ್ (ಮಾಹಿತಿ ಬರುವ ಕಿಂಡಿ) ತೆರೆದು ಕೂತು, ಬ್ರೌಸರಿನ ಮೆಟಾ ಪಿಕ್ಸೆಲ್ (ಅವುಗಳದೇ ಕಂಪನಿ ಮೆಟಾದ, ವೆಬ್‌ಸೈಟ್‌ಗಳಲ್ಲಿರುವ ಜಾಡು ಹಿಡಿಯುವ ಕೋಡ್) ಕಳಿಸುವ ಕುಕಿ ಗುರುತನ್ನು 127.0.0.1, ಅಂದರೆ ಫೋನ್ ತನಗೆ ತಾನೇ ಇಟ್ಟುಕೊಂಡ ವಿಳಾಸದ ಮೂಲಕ ಹಿಡಿಯುತ್ತಿದ್ದದ್ದು 2025ರ ಜೂನ್‌ನಲ್ಲಿ ಬಯಲಾಯ್ತು. ಇನ್‌ಕಾಗ್ನಿಟೊ ಹಾಕಿದರೂ ಅಷ್ಟೆ. ಬಯಲಾದ ಮೇಲೆ ನಿಲ್ಲಿಸಿದರು, ಮುಂಚೆಯಲ್ಲ.

ಹಾಕುವ ಮುನ್ನ ಪ್ಲೇ ಸ್ಟೋರಿನಲ್ಲಿ ಡೆವಲಪರ್ ಹೆಸರು ನೋಡಿ. ಹವಾಮಾನಕ್ಕೆ ಊರಿನ ಹೆಸರು ಕೈಯಲ್ಲೇ ಟೈಪ್ ಮಾಡಿ. ಲೊಕೇಶನ್ ಕೊಡಲೇಬೇಕಾದರೆ ‘ನಿಖರ’ ಆಫ್ ಮಾಡಿ ಅಂದಾಜು ಮಾತ್ರ ಕೊಡಿ. ಸೆಟ್ಟಿಂಗ್ಸ್, ಗೂಗಲ್, ಆ್ಯಡ್ಸ್‌ಗೆ ಹೋಗಿ ಜಾಹೀರಾತು ಐಡಿ ಡಿಲೀಟ್ ಮಾಡಿ. ಎರಡೂ ಬೇಕೇ ಬೇಕು ಅನ್ನುವವರು ಆಂಡ್ರಾಯ್ಡ್ 15ರಲ್ಲಿ ಬಂದ ಪ್ರೈವೇಟ್ ಸ್ಪೇಸ್‌ನಲ್ಲಿ (ಫೋನಿನೊಳಗಿನ ಬೀಗ ಹಾಕಿದ ಪ್ರತ್ಯೇಕ ಜಾಗ) ಒಂದನ್ನು ಬೇರೆಯಾಗಿಡಿ.

ಒಂದು ಸ್ಟಾರ್ ಕೊಟ್ಟಿದ್ದಕ್ಕೆ ನಿನ್ನೆ ಬಂದ ಉತ್ತರ: “ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದಗಳು. ನಮ್ಮ ಹೊಸ ಬೆಳೆ ಬೆಲೆ ಆ್ಯಪ್ ಕೂಡ ಬಳಸಿ ನೋಡಿ.”