ಮ್ಯಾಕೋರ್, ಬಳಪದ ಕಲ್ಲು, ಬೋರಾನ್ ನೈಟ್ರೈಡ್: ಕಾರವಾರದ ಮಳೆಗಾಲದಲ್ಲಿ ಯಾವ್ದು ನಿಲ್ತದೆ?

ನಮ್ಮ ವರ್ಕ್‌ಶಾಪ್ ಕಾರವಾರದಲ್ಲಿ. ಸಣ್ಣ ಕರೆಂಟ್ ಫರ್ನೇಸಿನ ಹೀಟರ್ ವೈರ್ ಹೊರಗೆ ಬರೋ ಜಾಗಕ್ಕೆ ಹಾಕೋ ಬುಷ್‌ನ (ಕರೆಂಟ್ ಲೀಕ್ ಆಗದ ಹಾಗೆ ತಡೆಯೋ ಕೊಳವೆ) ಈ ಮೂರೂ ಮೆಟೀರಿಯಲ್‌ನಲ್ಲಿ ಲೇತ್ ಮೇಲೆ ಮಾಡಿ ನೋಡಿದೀನಿ. ಎಲ್ರೂ ಮೊದ್ಲು ಕೇಳೋದು ಎಷ್ಟು ಡಿಗ್ರಿ ತಡೀತದೆ ಅಂತ, ನಾನಂತೂ ಮೊದ್ಲು ನೋಡೋದು ಎಷ್ಟು ನೀರು ಕುಡೀತದೆ ಅಂತ, ಯಾಕಂದ್ರೆ ಜೂನ್ ಶುರುವಾದ್ರೆ ಇಲ್ಲಿ ಗೋಡೆನೂ ಬೆವರ್ತದೆ.

ಬಳಪದ ಕಲ್ಲು ಅಗ್ಗ, ಹ್ಯಾಕ್ಸಾ ಬ್ಲೇಡಲ್ಲೇ ಕೊಯ್ಬಹುದು. ಆದ್ರೆ ಆಮೇಲೆ ನಿಧಾನಕ್ಕೆ 1000 ಡಿಗ್ರಿ ಹತ್ರ ಸುಟ್ಟರೇ ಗಟ್ಟಿ ಆಗೋದು, ಸುಟ್ಟಾಗ ಸೈಜೂ ಸ್ವಲ್ಪ ಬದಲಾಗ್ತದೆ. ರಾತ್ರಿಯಿಡೀ ಕೆಂಪು ಇಂಕಲ್ಲಿ ಮುಳುಗಿಸಿಟ್ಟು, ಬೆಳಿಗ್ಗೆ ಒರೆಸಿ ಒಡೆದು ನೋಡಿದ್ರೆ ಒಳಗಡೆಗೂ ಕೆಂಪು ಇಳಿದಿತ್ತು. ಅದೇ ಇಂಕಲ್ಲಿದ್ದ ಮ್ಯಾಕೋರ್ ತುಂಡು ಒಡೆದ್ರೆ ಅಂಚಿನವರೆಗೂ ಹಾಲುಬಿಳಿ!

ಮ್ಯಾಕೋರ್ ಅಂದ್ರೆ ಕಾರ್ನಿಂಗ್ ಕಂಪನಿಯ ಗ್ಲಾಸ್-ಸೆರಾಮಿಕ್, ಸುಮಾರು 55 ಪರ್ಸೆಂಟ್ ಫ್ಲೋರೋಫ್ಲೋಗೋಪೈಟ್ ಅನ್ನೋ ಅಭ್ರಕದ ಹರಳು, ಉಳಿದ 45 ಬೋರೋಸಿಲಿಕೇಟ್ ಗ್ಲಾಸ್. ಟೂಲ್ ತಾಗಿದಾಗ ಬಿರುಕು ಉದ್ದಕ್ಕೆ ಓಡೋಕೆ ಆಗಲ್ಲ, ಒಂದಕ್ಕೊಂದು ಸಿಕ್ಕಿಕೊಂಡಿರೋ ಅಭ್ರಕದ ಹಾಳೆಗಳ ಸುತ್ತ ತಿರುಗಿ ತಿರುಗಿ ಅಲ್ಲೇ ನಿಲ್ತದೆ, ಹಾಗಾಗಿ ಸಣ್ಣ ಪುಡಿಯಾಗಿ ಉದುರ್ತದೆ. ಕಾರ್ಬೈಡ್ ಟೂಲ್, ನಿಮಿಷಕ್ಕೆ 10–15 ಮೀಟರ್ ಸ್ಪೀಡು, ಕೂಲಂಟ್ ಬಿಡ್ತಾ ಇರ್ಬೇಕು. ಡ್ರಿಲ್ ಹಿಂದುಗಡೆ ಹೊರಬರೋ ಕಡೆ ಚಕ್ಕೆ ಏಳ್ತದೆ, ಅದಕ್ಕೆ ದಪ್ಪ ಸ್ವಲ್ಪ ಜಾಸ್ತಿ ಇಟ್ಟು ಆಮೇಲೆ ಫೇಸ್ ಮಾಡೋದು (ಆ ಮುಖ ಸವರಿ ಸಮ ಮಾಡೋದು) ಒಳ್ಳೇದು. ಎಂ3 (3 ಮಿ.ಮೀ. ಸ್ಕ್ರೂನ) ಥ್ರೆಡ್ ಕೂಡ ಚೆನ್ನಾಗಿ ಬಂತು, ಮತ್ತೆ ಸುಡೋ ಕೆಲ್ಸನೇ ಇಲ್ಲ.

ಬೋರಾನ್ ನೈಟ್ರೈಡ್ ಅಂದ್ರೆ ಬೋರಾನ್, ನೈಟ್ರೋಜನ್ ಸೇರಿದ ಮೆತ್ತನೆ ಸೆರಾಮಿಕ್, ಮಷೀನಿಂಗಲ್ಲಿ ಮ್ಯಾಕೋರ್‌ಗಿಂತ ಸುಲಭ, ಡ್ರೈ ಆಗೇ ಕಟ್ ಮಾಡ್ಬಹುದು, ಥಟ್ ಅಂತ ಬಿಸಿ-ತಣ್ಣಗೆ ಆದ್ರೂ ಬಿರಿಯೋದು ಕಮ್ಮಿ. ಆದ್ರೆ ಬೋರಿಕ್ ಆಕ್ಸೈಡ್ ಬೈಂಡರ್ (ಪುಡಿನ ಹಿಡಿದಿಡೋ ಅಂಟು) ಇರೋ ಗ್ರೇಡು ತೇವ ಎಳ್ಕೊಳ್ತದೆ, ನಂಗೆ ಸಿಕ್ಕ ರೇಟೂ ಮ್ಯಾಕೋರ್‌ಗಿಂತ ಮೇಲೆ. ಗಾಳೀಲಿ 850 ಡಿಗ್ರಿ ಆಸುಪಾಸಲ್ಲಿ ಆಕ್ಸಿಡೈಸ್ ಆಗೋಕೆ ಶುರು, ನೈಟ್ರೋಜನ್ನೋ ಆರ್ಗಾನೋ ತುಂಬಿದ ಫರ್ನೇಸಾದ್ರೆ ಮಾತ್ರ ಅದರ ನಿಜವಾದ ಶಕ್ತಿ ಸಿಗೋದು.

ಮಳೆ ಹಿಡಿದ ವಾರದಲ್ಲಿ 500 ವೋಲ್ಟ್ ಮೆಗ್ಗರ್ (ಕರೆಂಟ್ ಲೀಕ್ ಆಗ್ತದಾ ಅಂತ ಇನ್ಸುಲೇಶನ್ ಅಳೆಯೋ ಮೀಟರ್) ಹಚ್ಚಿದಾಗ ಕಲ್ಲಿನ ಬುಷ್ ರೀಡಿಂಗ್ ಕೆಳಗೆ ಬಿದ್ದಿತ್ತು, ಒಣಗಿಸಿದ್ರೆ ಮೇಲೆ ಬರ್ತದೆ, ಮತ್ತೆ ಇಳೀತದೆ. ಮ್ಯಾಕೋರ್‌ದು ಮೇಲಿನ ಉಪ್ಪುತೇವ ಒರೆಸಿದ್ರೆ ಸಾಕು. ಕರಾವಳೀಲಿ ಇರೋರು, 800 ಡಿಗ್ರಿ ಒಳಗಿನ ಕೆಲ್ಸ ಆದ್ರೆ ಕಣ್ಮುಚ್ಚಿ ಮ್ಯಾಕೋರ್ ತಗೊಳ್ಳಿ. ಮ್ಯಾಕೋರ್‌ 1000 ಡಿಗ್ರಿ ತಡೀತದೆ ಅನ್ನೋದು ಅದರ ಮೇಲೆ ಭಾರ ಇಲ್ದೆ ಸ್ವಲ್ಪ ಹೊತ್ತಿಗೆ ಮಾತ್ರ, ಬಿಸಿ ಇದ್ದಾಗ ನೀರಂತೂ ತಾಗಿಸ್ಬೇಡಿ. ಮತ್ತೆ ಯಾವ್ದೇ ಕಟ್ ಮಾಡಿದ್ರೂ ಮಾಸ್ಕ್ ಹಾಕ್ಕೊಳ್ಳಿ, ಕೆಲವು ಕಡೆಯ ಬಳಪದ ಕಲ್ಲಲ್ಲಿ ಆಸ್ಬೆಸ್ಟಾಸ್ ನಾರೂ ಇರ್ತದೆ.